ಅಪಸ್ಮಾರದ ಮೇಲೆ ಸಂಶೋಧನೆ ಮಾಡುವ ಆಸೆ: ಚಿಂಚೋಳಿಯ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಚಿಂಚೋಳಿ ತಾಲೂಕಿನವಳು, ಕಲಬುರಗಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಹದಿನಾಲ್ಕು ವರ್ಷದ ನನ್ನ ತಮ್ಮನಿಗೆ ಕಳೆದ ವರ್ಷದಿಂದ ಫಿಟ್ಸ್ ಬರುತ್ತಿವೆ. ಮೊದಲು ಕೈ ಜಗ್ಗುತ್ತದೆ, ಆಮೇಲೆ ಎಚ್ಚರ ತಪ್ಪಿ ಬೀಳುತ್ತಾನೆ. ಸ್ಕ್ಯಾನ್ ಮಾಡಿಸಿದಾಗ ಮಿದುಳಿನಲ್ಲಿ ಸಣ್ಣ ಉಂಗುರದಂಥ ಗುರುತು ಇದೆ ಎಂದರು. ಮಾತ್ರೆ ಶುರುವಾದ ಮೇಲೆ ಎರಡು ಸಲ ಮಾತ್ರ ಬಂದಿದೆ. ಅಕ್ಕನ ಮದುವೆಯ ಮಾತುಕತೆ ನಡೆದಿರುವುದರಿಂದ ಈ ಸುದ್ದಿ ಹೊರಗೆ ಹೋಗಬಾರದು ಎಂದು ಮನೆಯವರು ಹೇಳುತ್ತಾರೆ. ಮಿದುಳಿನ ಮೇಲೆ ಸಂಶೋಧನೆ ಮಾಡಿ ಈ ರೋಗಕ್ಕೆ ಔಷಧಿ ಕಂಡುಹಿಡಿಯಬೇಕೆಂಬುದು ನನ್ನ ಆಸೆ. ಅಪಸ್ಮಾರದ ಸಂಶೋಧಕರು ದಿನನಿತ್ಯ ಮಾಡುವ ಕೆಲಸವೇನು? ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಇದು ಸಾಧ್ಯವೇ?

ಉತ್ತರ: ನೀವು ನೇರವಾಗಿ ಕೇಳಿದ ಪ್ರಶ್ನೆಗಳು ಎರಡು. ಕೇಳದೆ ಬಿಟ್ಟದ್ದು, ಆದರೆ ಪತ್ರದ ಪ್ರತಿ ಸಾಲಿನ ಹಿಂದೆಯೂ ಇರುವುದು, ತಮ್ಮನ ಮುಂದಿನ ದಿನಗಳ ಚಿಂತೆ. ಮೂರಕ್ಕೂ ನನಗೆ ತಿಳಿದಷ್ಟು ಉತ್ತರಿಸುತ್ತೇನೆ. ಅದಕ್ಕೆ ಮೊದಲು ನೀವು ಬರೆದ ‘ಈ ರೋಗ’ ಎಂಬ ಎರಡು ಪದಗಳ ಬಳಿ ಸ್ವಲ್ಪ ನಿಲ್ಲಬೇಕಾಗಿದೆ.

ನಮ್ಮ ಭಾಗದಲ್ಲಿ ಇದನ್ನು ಮೂರ್ಛೆರೋಗ ಎನ್ನುತ್ತಾರೆ, ಫಿಟ್ಸ್ ಎನ್ನುತ್ತಾರೆ, ಉರ್ದು ಮಾತಾಡುವ ಮನೆಗಳಲ್ಲಿ ಮಿರ್ಗಿ ಎನ್ನುತ್ತಾರೆ. ಹೆಸರು ಯಾವುದಾದರೂ ಕೇಳಿದವರ ಕಣ್ಣ ಮುಂದೆ ಬರುವ ಚಿತ್ರ ಒಂದೇ: ನೆಲಕ್ಕೆ ಬಿದ್ದು ಕೈಕಾಲು ಬಡಿಯುವ ವ್ಯಕ್ತಿ, ಬಾಯಲ್ಲಿ ನೊರೆ, ಸುತ್ತ ನೆರೆದ ಮಂದಿ, ಅವರಲ್ಲೊಬ್ಬರು ಮೂಗಿಗೆ ಹಿಡಿದ ಚಪ್ಪಲಿ ಅಥವಾ ಅಂಗೈಗೆ ತುರುಕಿದ ಬೀಗದ ಕೈ. ಆದರೆ ವೈದ್ಯಶಾಸ್ತ್ರದಲ್ಲಿ ಅಪಸ್ಮಾರ ಎಂಬುದು ಜ್ವರ ಎಂಬಂಥ ಪದ. ಮಲೇರಿಯಾದಿಂದಲೂ ಜ್ವರ ಬರುತ್ತದೆ, ಟೈಫಾಯಿಡ್‌ನಿಂದಲೂ ಬರುತ್ತದೆ, ಹುಣ್ಣು ಕೀವಾದರೂ ಬರುತ್ತದೆ. ಹಾಗೆಂದು ‘ಜ್ವರಕ್ಕೆ ಔಷಧಿ ಕಂಡುಹಿಡಿಯುತ್ತೇನೆ’ ಎಂದು ಇಂದು ಯಾರೂ ಸಂಶೋಧನೆಗೆ ಇಳಿಯುವುದಿಲ್ಲ. ಮಿದುಳಿನ ನರಕೋಶಗಳ ಒಂದು ಗುಂಪು ಹತೋಟಿ ಮೀರಿ ಒಟ್ಟೊಟ್ಟಿಗೆ ವಿದ್ಯುತ್ ಸಂಕೇತ ಹೊರಡಿಸುವುದು ಎಲ್ಲ ಬಗೆಯ ಅಪಸ್ಮಾರಗಳಿಗೂ ಸಮಾನ. ಹಾಗೆ ಯಾಕೆ ಆಗುತ್ತದೆ ಎಂಬುದಕ್ಕೆ ಹತ್ತಾರು ಉತ್ತರಗಳಿವೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸದಲ್ಲಿದ್ದವಳಾಗಿ ನಾನು ಕಂಡದ್ದೇನೆಂದರೆ, ಪ್ರಶ್ನೆಯನ್ನು ಸಣ್ಣದು ಮಾಡಿಕೊಂಡಾಗಲೆಲ್ಲ ಈ ಕ್ಷೇತ್ರ ಮುಂದೆ ಹೋಗಿದೆ, ದೊಡ್ಡದಾಗಿಯೇ ಇಟ್ಟುಕೊಂಡಾಗ ನಿಂತಲ್ಲೇ ನಿಂತಿದೆ. ಇದು ಉಪದೇಶದಂತೆ ಕೇಳಬಾರದೆಂದು ಒಂದು ಸಂಗತಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಬೀದರ್ ಜಿಲ್ಲೆಯಲ್ಲಿ ನಡೆದ ಒಂದು ತಪಾಸಣಾ ಶಿಬಿರಕ್ಕೆ ಎಂಟು ವರ್ಷದ ಹುಡುಗಿಯನ್ನು ಅವಳ ತಾಯಿ ಕರೆತಂದಿದ್ದರು. ಶಾಲೆಯಲ್ಲಿ ಪಾಠ ಕೇಳುವುದಿಲ್ಲ, ಕರೆದರೆ ಓಗೊಡುವುದಿಲ್ಲ, ಸೊಕ್ಕು ಎಂದು ಮಾಸ್ತರರು ಹೊಡೆಯುತ್ತಾರೆ ಎಂಬುದು ದೂರು. ‘ಒಂದ್ ಕಡಿ ನೋಡ್ಕೋತ ಸುಮ್ನ ಕುಂತುಬಿಡ್ತಾಳ್ರಿ, ಆಮ್ಯಾಲೆ ತಾನ ಸರಿ ಆಗ್ತಾಳ’ ಎಂದು ತಾಯಿ ಹೇಳಿದರು. ತಲೆಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದರು; ಎಣ್ಣೆಯ ಮೇಲೆ ವಿದ್ಯುದ್ವಾರ ಹಿಡಿಯುವುದಿಲ್ಲವಾದ್ದರಿಂದ, ಮಿದುಳಿನ ವಿದ್ಯುತ್ತನ್ನು ಗೆರೆಗಳಾಗಿ ದಾಖಲಿಸುವ ಇಇಜಿ ಪರೀಕ್ಷೆಯ ತಂತ್ರಜ್ಞೆ ಮೊದಲು ಜಡೆ ಬಿಚ್ಚಿಸಿ ತಲೆ ತೊಳೆಸಿದಳು. ಆಮೇಲೆ ಅಳತೆಯ ಟೇಪು ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಳೆದು, ಆ ಅಳತೆಯ ಶೇ 10 ಮತ್ತು ಶೇ 20ರ ಅಂತರದಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಮಾಡಿ, ಬಿಳಿ ಅಂಟಿನಿಂದ ಪುಟ್ಟ ಬಟ್ಟಲಿನಂಥ ವಿದ್ಯುದ್ವಾರಗಳನ್ನು ಕೂರಿಸಿದಳು. ಕೊನೆಗೆ ಹುಡುಗಿಯ ಕೈಗೆ ಕಾಗದದ ಗಿರಗಟ್ಲೆ ಕೊಟ್ಟು, ಮೂರು ನಿಮಿಷ ಬಿಡದೆ ಊದುತ್ತಿರು ಎಂದಳು. ಎರಡು ನಿಮಿಷದ ಹತ್ತಿರ ಬರುತ್ತಿದ್ದಂತೆ ಗಿರಗಟ್ಲೆ ನಿಧಾನವಾಗಿ ನಿಂತಿತು. ಹುಡುಗಿ ಕೈಯಲ್ಲಿ ಅದನ್ನು ಹಿಡಿದೇ ಇದ್ದಳು, ಕಣ್ಣು ತೆರೆದೇ ಇತ್ತು, ರೆಪ್ಪೆ ಮಾತ್ರ ಸಣ್ಣಗೆ ಅದುರುತ್ತಿತ್ತು. ತಂತ್ರಜ್ಞೆ ಅವಳ ಕಿವಿಯ ಬಳಿ ‘ಮಾವಿನಹಣ್ಣು’ ಎಂದಳು. ಪರದೆಯ ಮೇಲೆ ಎಲ್ಲ ಗೆರೆಗಳೂ ಒಮ್ಮೆಲೇ ಎದ್ದು, ಒಂದು ಚೂಪು ಮೊನೆ ಒಂದು ಅಗಲ ಅಲೆ, ಒಂದು ಮೊನೆ ಒಂದು ಅಲೆ, ಸೆಕೆಂಡಿಗೆ ಸರಿಯಾಗಿ ಮೂರರಂತೆ ಹೊಲಿಗೆ ಯಂತ್ರದ ಹಾಗೆ ಓಡಿದವು. ಒಂಬತ್ತು ಸೆಕೆಂಡು. ಅಷ್ಟರಲ್ಲಿ ಗೆರೆಗಳು ತಣ್ಣಗಾದವು, ಹುಡುಗಿ ಏನೂ ಆಗದವಳಂತೆ ಮತ್ತೆ ಊದತೊಡಗಿದಳು. ಈಗ ನಿನಗೆ ಯಾವ ಹಣ್ಣಿನ ಹೆಸರು ಹೇಳಿದೆ ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ.

ಇದೂ ಅಪಸ್ಮಾರವೇ. ಬೀಳುವುದಿಲ್ಲ, ನೊರೆ ಇಲ್ಲ, ನೋಡುವವರಿಗೆ ಹಗಲುಗನಸು. ಸೆಕೆಂಡಿಗೆ ಮೂರರ ಈ ಗೆರೆಯನ್ನು ಅಮೆರಿಕದ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ 1935ರಲ್ಲಿ ವರದಿ ಮಾಡಿದರು. ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ತಲೆಯ ಮೇಲಿಂದ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿ ದಾಖಲಿಸಿದ್ದನ್ನು 1929ರಲ್ಲಿ ಪ್ರಕಟಿಸಿ ಆಗ ಆರು ವರ್ಷವಷ್ಟೇ ಆಗಿತ್ತು. ಮಿದುಳಿನ ಒಳಗಿನ ಥಾಲಮಸ್ ಮತ್ತು ಹೊರಪದರದ ನಡುವೆ ಓಡಾಡುವ ಸಂಕೇತಗಳು ಒಂದು ಸುತ್ತಿನಲ್ಲಿ ಸಿಕ್ಕಿಬೀಳುವುದರಿಂದ ಈ ಲಯ ಹುಟ್ಟುತ್ತದೆ ಎಂಬುದು ನಂತರ ತಿಳಿಯಿತು; ಅದಕ್ಕೆ ಕಾರಣವಾಗುವ, ನರಕೋಶದೊಳಕ್ಕೆ ಕ್ಯಾಲ್ಸಿಯಂ ಬಿಡುವ ಒಂದು ಬಗೆಯ ದ್ವಾರವನ್ನು ತಡೆಯುವ ಎಥೊಸಕ್ಸಿಮೈಡ್ ಎಂಬ ಔಷಧಿ ಈ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತದೆ. ಮುಖ್ಯವಾದ ಮಾತು ಇನ್ನೊಂದಿದೆ. ಬೇರೆ ಬಗೆಯ ಫಿಟ್ಸ್‌ಗೆ ಒಳ್ಳೆಯ ಔಷಧಿಯಾದ ಕಾರ್ಬಮಝೆಪೈನ್ ಇಂಥ ಮಗುವಿಗೆ ಕೊಟ್ಟರೆ ತೊಂದರೆ ಹೆಚ್ಚಾಗಬಹುದು. ‘ಫಿಟ್ಸ್ ಮಾತ್ರೆ’ ಎಂಬ ಒಂದೇ ಮಾತ್ರೆ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತೋಚದು.

ಈಗ ನಿಮ್ಮ ತಮ್ಮನ ಉಂಗುರದ ವಿಷಯ. ಸಿಟಿ ಸ್ಕ್ಯಾನ್ ನಮ್ಮ ದೇಶಕ್ಕೆ ಬಂದ ಹೊಸತರಲ್ಲಿ, ಫಿಟ್ಸ್ ಬಂದ ಯುವಕರು ಮತ್ತು ಮಕ್ಕಳ ಮಿದುಳಿನಲ್ಲಿ ಇಂಥ ಒಂಟಿ ಉಂಗುರಗಳು ಬಹಳ ಕಾಣಿಸತೊಡಗಿದವು. ಕ್ಷಯ ನಮ್ಮಲ್ಲಿ ವ್ಯಾಪಕವಾಗಿದ್ದುದರಿಂದ ಅದು ಕ್ಷಯದ ಗಂಟು ಎಂದೇ ಬಹಳಷ್ಟು ವೈದ್ಯರು ತಿಳಿದರು, ತಿಂಗಳುಗಟ್ಟಲೆ ಕ್ಷಯದ ಔಷಧಿ ಕೊಟ್ಟರು. ಗುರುತು ಮಾಯವಾದಾಗ ಔಷಧಿ ಫಲಿಸಿತು ಎಂದುಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಚಾಂಡಿ, ರಾಜಶೇಖರ್ ಮತ್ತು ಅವರ ಸಂಗಡಿಗರು ಮಾತ್ರ ಈ ಊಹೆಗೆ ತೃಪ್ತರಾಗಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಅಂಥ ಗಂಟುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಅವುಗಳಲ್ಲಿ ಹೆಚ್ಚಿನವು ಲಾಡಿಹುಳದ ಮರಿ, ಎಂದರೆ ಸಿಸ್ಟಿಸರ್ಕಸ್, ಎಂದು ಕಂಡುಬಂತು. 1991ರಲ್ಲಿ ಅದನ್ನು ಪ್ರಕಟಿಸಿದರು. ಗುರುತು 20 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು, ಒಂದೇ ಇರಬೇಕು, ರೋಗಿಯಲ್ಲಿ ಬೇರೆ ಗಂಭೀರ ಲಕ್ಷಣ ಇರಬಾರದು ಎಂಬಂಥ ಮಾನದಂಡಗಳನ್ನು ಅದೇ ತಂಡ ರೂಪಿಸಿತು. ಅದರಿಂದಾಗಿ ಎಷ್ಟೋ ಜನರಿಗೆ ಅನವಶ್ಯಕವಾದ ಕ್ಷಯದ ಔಷಧಿಯೂ ತಪ್ಪಿತು, ತಲೆ ತೆರೆಯುವುದೂ ತಪ್ಪಿತು. ಹೊಸ ಔಷಧಿಯನ್ನೇನೂ ಅವರು ಕಂಡುಹಿಡಿಯಲಿಲ್ಲ ಎಂಬುದನ್ನು ಗಮನಿಸಿ. ‘ಈ ಉಂಗುರ ಏನು?’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಕೂತರು.

ಈ ರೋಗನಿರ್ಣಯ ಹೇಳಿದಾಗ ನಮ್ಮ ಕಡೆಯ ಮನೆಗಳಲ್ಲಿ ನಾನು ತಪ್ಪದೆ ಕೇಳುವ ಮಾತು ಒಂದಿದೆ: ‘ನಾವು ಮಾಂಸ ಮುಟ್ಟಂಗಿಲ್ರಿ, ನಮ್ಮ ಹುಡುಗನ ತಲಿಯಾಗ ಹಂದಿ ಹುಳ ಹ್ಯಾಂಗ ಬಂತು?’ ಪ್ರಶ್ನೆ ನ್ಯಾಯವಾದದ್ದೇ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಹೊಟ್ಟೆಯಲ್ಲಿ ಬೆಳೆಯುವುದು ಉದ್ದನೆಯ ಲಾಡಿಹುಳ. ಮಿದುಳಿಗೆ ಹೋಗುವುದು ಆ ಹುಳದ ಮೊಟ್ಟೆಯಿಂದ ಹೊರಬರುವ ಮರಿ. ಹುಳವಿರುವವರ ಮಲದೊಂದಿಗೆ ಹೊರಬಿದ್ದ ಮೊಟ್ಟೆ ಮಣ್ಣು, ಚರಂಡಿ ನೀರು ಅಥವಾ ತೊಳೆಯದ ಕೈಯ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತದೆ, ಆ ಇನ್ನೊಬ್ಬರು ಶುದ್ಧ ಸಸ್ಯಾಹಾರಿಯಾಗಿರಬಹುದು. ರೊಟ್ಟಿಯ ಜೊತೆ ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲನ್ನು ಹಸಿಯಾಗಿಯೇ ತಿನ್ನುವ ನಮ್ಮ ರೂಢಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ನನಗೇ ಅದನ್ನು ಬಿಡಲಾಗದು. ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ತೊಳೆಯಿರಿ ಎಂದು ಮಾತ್ರ ಹೇಳುತ್ತೇನೆ.

ಮಿದುಳಿಗೆ ಸೇರಿದ ಮರಿ ಬದುಕಿರುವವರೆಗೆ ಸಾಮಾನ್ಯವಾಗಿ ಸದ್ದಿಲ್ಲದೆ ಇರುತ್ತದೆ. ಅದು ಸಾಯತೊಡಗಿದಾಗ ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಎರಗಿ ಉರಿಯೂತ ಉಂಟುಮಾಡುತ್ತದೆ, ಸುತ್ತಲಿನ ನರಕೋಶಗಳು ಕೆರಳುತ್ತವೆ, ಫಿಟ್ಸ್ ಬರುತ್ತವೆ. ಬಹುಪಾಲು ಉಂಗುರಗಳು ಕೆಲವು ತಿಂಗಳುಗಳಲ್ಲಿ ತಾವಾಗಿ ಕರಗುತ್ತವೆ. ಕೆಲವು ಮಾತ್ರ ಸುಣ್ಣದ ಚುಕ್ಕೆಯಾಗಿ ಉಳಿಯುತ್ತವೆ, ಹಾಗೆ ಉಳಿದವರಲ್ಲಿ ಫಿಟ್ಸ್ ಮರುಕಳಿಸುವ ಸಾಧ್ಯತೆ ಹೆಚ್ಚು. ಆದ್ದರಿಂದ ತಮ್ಮನ ಮಾತ್ರೆ ಎಷ್ಟು ಕಾಲ ಎಂಬುದನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿದ ಮೇಲೆ ಅವನ ನರರೋಗ ತಜ್ಞರು ತೀರ್ಮಾನಿಸಬೇಕು. ಅದು ಹುಳದ ಮರಿಯೇ ಹೌದೇ, ಕ್ಷಯವಲ್ಲವೇ ಎಂಬುದನ್ನು ನಿರ್ಧರಿಸಬೇಕಾದವರೂ ಅವರೇ. ಫಿಟ್ಸ್ ನಿಂತಿತು ಎಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾದೀತು. ಮಾತ್ರೆ ಶುರುವಾದ ಮೇಲೂ ಬಂದ ಆ ಎರಡು ಸಲದ ಹಿಂದಿನ ದಿನ ಮಾತ್ರೆ ತಪ್ಪಿತ್ತೇ, ನಿದ್ದೆಗೆಟ್ಟಿದ್ದನೇ, ಜ್ವರವಿತ್ತೇ ಎಂದು ನೆನಪಿಸಿಕೊಂಡು ವೈದ್ಯರಿಗೆ ತಿಳಿಸಿ. ಮತ್ತೆ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.

ಅಕ್ಕನ ಮದುವೆಯ ಬಗ್ಗೆ ಹೇಳುವುದಾದರೆ, ಹುಳದ ಮರಿಯಿಂದಾದ ಗುರುತು ವಂಶದಲ್ಲಿ ಇಳಿದುಬರುವಂಥದ್ದಲ್ಲ. ಬೀಗರಿಗೆ ಇದನ್ನು ಮುಚ್ಚಿಡಲು ವೈದ್ಯಕೀಯ ಕಾರಣ ಯಾವುದೂ ಇಲ್ಲ. ಸ್ವತಃ ಅಪಸ್ಮಾರ ಇದ್ದವರ ವಿಷಯದಲ್ಲೂ ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಹಳೆಯ ಅಡ್ಡಿಯನ್ನು 1999ರ ತಿದ್ದುಪಡಿ ತೆಗೆದುಹಾಕಿದೆ. ಮನೆಯವರನ್ನು ಒಪ್ಪಿಸುವುದು ಕಾಯ್ದೆ ತಿದ್ದುವುದಕ್ಕಿಂತ ಕಷ್ಟ ಎಂಬುದು ನನಗೂ ಗೊತ್ತು.

ಸಂಶೋಧಕರು ದಿನವೂ ಮಾಡುವ ಕೆಲಸ ಏನು ಎಂದು ಕೇಳಿದ್ದೀರಿ. ನನ್ನ ಪಿಎಚ್‌.ಡಿ.ಯ ದಿನಗಳಿಂದಲೇ ಹೇಳುತ್ತೇನೆ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಭಾಗದ ತೆಳು ಹೋಳುಗಳ ಮೇಲೆ ನನ್ನ ಕೆಲಸ ನಡೆಯುತ್ತಿತ್ತು. ಹಿಪೊಕ್ಯಾಂಪಸ್ ನೆನಪಿನ ಕೆಲಸದಲ್ಲಿ ಪಾಲುಗೊಳ್ಳುವ ಭಾಗ. ವಯಸ್ಕರಲ್ಲಿ ಬಹಳ ಸಾಮಾನ್ಯವಾದ ಒಂದು ಬಗೆಯ ಅಪಸ್ಮಾರ ಅದೇ ನೆರೆಹೊರೆಯಲ್ಲಿ ಹುಟ್ಟುತ್ತದೆ. ಒಂದು ಮಿಲಿಮೀಟರಿನ ಅರ್ಧಕ್ಕಿಂತಲೂ ತೆಳುವಾದ ಆ ಹೋಳನ್ನು ಮಿದುಳಿನ ದ್ರವವನ್ನು ಹೋಲುವ ಉಪ್ಪುನೀರಿನಲ್ಲಿಟ್ಟು, ಆಮ್ಲಜನಕದ ಗುಳ್ಳೆ ಹಾಯಿಸಿ ಕೆಲವು ಗಂಟೆ ಜೀವಂತವಾಗಿ ಇಡಬಹುದು. ಆ ನೀರಿನಿಂದ ಮೆಗ್ನೀಸಿಯಂ ತೆಗೆದುಬಿಟ್ಟರೆ ಹೋಳಿನ ನರಕೋಶಗಳು ಫಿಟ್ಸ್‌ನಂಥದೇ ಸಂಕೇತಗಳನ್ನು ಹೊರಡಿಸುತ್ತವೆ. ಬೆಳಿಗ್ಗೆ ಎಂಟಕ್ಕೆ ದ್ರಾವಣ ತಯಾರಿ, ಹತ್ತಕ್ಕೆ ಹೋಳು ಕತ್ತರಿಸುವುದು, ಒಂದು ಗಂಟೆ ಕಾಯುವುದು, ಆಮೇಲೆ ಕೂದಲಿಗಿಂತ ಸಣ್ಣ ಮೊನೆಯ ಗಾಜಿನ ನಳಿಗೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಕೋಶದ ಬಳಿಗೆ ಇಳಿಸುವುದು. ವಾರದಲ್ಲಿ ಎರಡು ದಿನ ಹೋಳು ಚೆನ್ನಾಗಿ ಬಂದರೆ ಅದು ಒಳ್ಳೆಯ ವಾರ.

ಎರಡನೇ ವರ್ಷದಲ್ಲಿ ನನ್ನ ದಾಖಲೆಗಳಲ್ಲಿ ಸೆಕೆಂಡಿಗೆ ಸುಮಾರು 150 ಬಾರಿ ಬಡಿಯುವ ಒಂದು ಸಣ್ಣ ಲಯ ಕಾಣಿಸಿತು. ಫಿಟ್ಸ್ ಹುಟ್ಟುವ ಜಾಗವನ್ನು ಇಂಥ ವೇಗದ ಲಯಗಳು ತೋರಿಸಬಹುದೇ ಎಂಬ ಚರ್ಚೆ ಆಗ ಕ್ಷೇತ್ರದಲ್ಲಿ ಜೋರಾಗಿತ್ತು. ನಾನು ಹಿಗ್ಗಿಹೋದೆ, ಐದಾರು ತಿಂಗಳು ಅದರ ಬೆನ್ನು ಹತ್ತಿದೆ, ಒಂದು ಸಭೆಯಲ್ಲಿ ಅದರ ಪೋಸ್ಟರನ್ನೂ ಅಂಟಿಸಿದೆ. ಅಲ್ಲಿ ಒಬ್ಬ ಹಿರಿಯರು ಅದನ್ನು ನೋಡಿ, ಹೋಳು ಇಲ್ಲದೆ ಬರಿಯ ಉಪ್ಪುನೀರಿನಲ್ಲಿ ನಳಿಗೆ ಇಟ್ಟು ದಾಖಲಿಸಿದ್ದೀಯಾ ಎಂದು ಕೇಳಿದರು. ದಾಖಲಿಸಿರಲಿಲ್ಲ. ಮರುದಿನ ಬಂದು ದಾಖಲಿಸಿದೆ: ಬರಿಯ ನೀರಿನಲ್ಲೂ 150. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಅದರ ಮೂರು ಪಟ್ಟು 150. ಪಕ್ಕದ ಕೋಣೆಯಲ್ಲಿ ಹೊಸದಾಗಿ ಇಟ್ಟಿದ್ದ ಫ್ರಿಜ್‌ನ ತಂತಿಯಿಂದ ಅದು ನನ್ನ ಯಂತ್ರಕ್ಕೆ ಸೇರುತ್ತಿತ್ತು. ಆರು ತಿಂಗಳ ಕೆಲಸವನ್ನು ಕಡತದಲ್ಲಿ ಕಟ್ಟಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಿದೆ. ಆ ಕಡತ ಈಗಲೂ ನನ್ನ ಬಳಿ ಇದೆ, ಹೊಸ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ನೀವು ಕೇಳಿದ ದಿನನಿತ್ಯದ ಕೆಲಸದ ಬಹುಪಾಲು ಇದೇ: ಮಿದುಳು ಹೇಳುತ್ತಿರುವುದು ಯಾವುದು, ಗೋಡೆಯ ಪ್ಲಗ್ ಹೇಳುತ್ತಿರುವುದು ಯಾವುದು ಎಂದು ಬೇರ್ಪಡಿಸುವುದು.

ಎಲ್ಲರ ಕೆಲಸವೂ ಹೋಳುಗಳ ಮೇಲಲ್ಲ. ಮನುಷ್ಯನ ಮಿದುಳಿನ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಅಪಸ್ಮಾರದ ಶಸ್ತ್ರಚಿಕಿತ್ಸೆಯಿಂದ ಬಂದದ್ದು. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ರೋಗಿಯನ್ನು ಎಚ್ಚರವಾಗಿಯೇ ಇಟ್ಟು ಮಿದುಳಿನ ಮೇಲೆ ಸಣ್ಣ ವಿದ್ಯುತ್ತು ಮುಟ್ಟಿಸಿ, ಯಾವ ಜಾಗ ಮುಟ್ಟಿದರೆ ಹೆಬ್ಬೆರಳು, ಯಾವ ಜಾಗಕ್ಕೆ ತುಟಿ ಅಲುಗುತ್ತದೆ ಎಂದು ನಕ್ಷೆ ಬರೆದರು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಇಪ್ಪತ್ತೇಳು ವರ್ಷದ ಯುವಕನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ಫಿಟ್ಸ್ ತಡೆಯಲೆಂದು ತೆಗೆದಾಗ ಫಿಟ್ಸ್ ಕಡಿಮೆಯಾದವು, ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸದಾಗಿ ಕಂಡವರ ಮುಖ ಅವರ ನೆನಪಿನಲ್ಲಿ ಉಳಿಯಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ವರ್ಷಗಟ್ಟಲೆ ಮೊಲೈಸನ್‌ರನ್ನು ಪರೀಕ್ಷಿಸಿದರು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೌಶಲವನ್ನು ಅವರು ದಿನದಿಂದ ದಿನಕ್ಕೆ ಕಲಿತರು, ಆದರೆ ಹಿಂದಿನ ದಿನ ಅದನ್ನು ಮಾಡಿದ್ದು ಮಾತ್ರ ಅವರಿಗೆ ತಿಳಿದಿರುತ್ತಿರಲಿಲ್ಲ. ನೆನಪು ಒಂದೇ ಬಗೆಯದಲ್ಲ ಎಂದು ಜಗತ್ತಿಗೆ ಗೊತ್ತಾದದ್ದು ಹಾಗೆ. ಒಬ್ಬ ರೋಗಿ ತೆತ್ತ ಬೆಲೆಯಿಂದ ಬಂದ ಜ್ಞಾನ ಅದು, ಪಾಠ ಮಾಡುವಾಗ ನಾನು ಈ ಮಾತನ್ನು ಸೇರಿಸದೆ ಮುಂದೆ ಹೋಗುವುದಿಲ್ಲ.

ಇಂದು ಶಸ್ತ್ರಚಿಕಿತ್ಸೆ ಆಗಿನಂತೆ ಕುರುಡಲ್ಲ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಕ್ವಾನ್ ಮತ್ತು ಬ್ರೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಚಿಕಿತ್ಸೆ ಆರಂಭಿಸಿದ 470 ಜನರಲ್ಲಿ ಶೇ 47ರಷ್ಟು ಮಂದಿಗೆ ಮೊದಲ ಔಷಧಿಯಲ್ಲೇ ಫಿಟ್ಸ್ ನಿಂತವು, ಎರಡನೇ ಅಥವಾ ಮೂರನೇ ಔಷಧಿಯಿಂದ ಮತ್ತೆ ಶೇ 14ರಷ್ಟು ಮಂದಿಗೆ. ಆಮೇಲೆ ಔಷಧಿ ಬದಲಿಸುತ್ತ ಹೋದಂತೆ ಲಾಭ ತೀರಾ ಕಡಿಮೆ. ಹೀಗೆ ಔಷಧಿಗೆ ಬಗ್ಗದೆ ಉಳಿಯುವ ಮೂರನೇ ಒಂದು ಭಾಗದ ರೋಗಿಗಳಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ ದಾರಿಯಾಗುತ್ತದೆ. ದೆಹಲಿಯ ಏಮ್ಸ್‌ನಲ್ಲಿ 116 ಮಕ್ಕಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 77 ಮಕ್ಕಳು ಫಿಟ್ಸ್‌ನಿಂದ ಮುಕ್ತರಾಗಿದ್ದರು, ಔಷಧಿಯಲ್ಲೇ ಮುಂದುವರಿದವರಲ್ಲಿ ಶೇ 7 ಮಾತ್ರ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಸೌಲಭ್ಯವಿದೆ. ಕಲಬುರಗಿಯಿಂದ ಅಲ್ಲಿಗೆ ಹೋಗಬಲ್ಲವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಇನ್ನೊಂದು ದಾರಿ ವಂಶವಾಹಿಗಳದು. ಫ್ರಾನ್ಸಿನ ಶಾರ್ಲೊಟ್ ಡ್ರಾವೆ 1978ರಲ್ಲಿ ವಿವರಿಸಿದ, ಹಸುಳೆಗಳಲ್ಲಿ ಜ್ವರದೊಂದಿಗೆ ಶುರುವಾಗುವ ಕಠಿಣವಾದ ಒಂದು ಅಪಸ್ಮಾರಕ್ಕೆ ಎಸ್‌ಸಿಎನ್‌1ಎ ಎಂಬ ಒಂದೇ ವಂಶವಾಹಿಯ ದೋಷ ಕಾರಣ ಎಂದು 2001ರಲ್ಲಿ ಗೊತ್ತಾಯಿತು. ಆ ದೋಷದಿಂದ ಸೊರಗುವುದು ಮಿದುಳಿನ ಉದ್ರೇಕವನ್ನು ತಡೆಹಿಡಿಯುವ ಕೋಶಗಳು. ಆದ್ದರಿಂದ ಸೋಡಿಯಂ ದ್ವಾರವನ್ನು ಮುಚ್ಚುವ ಔಷಧಿಗಳು ಆ ಮಕ್ಕಳಿಗೆ ಉಪಕಾರಕ್ಕಿಂತ ಅಪಕಾರ ಮಾಡುತ್ತವೆ. ಸೋದರ ಸಂಬಂಧದಲ್ಲಿ, ಸೋದರಮಾವನೊಂದಿಗೆ ಮದುವೆಗಳು ನಡೆಯುವ ನಮ್ಮ ಜಿಲ್ಲೆಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸುವ ಲಫೋರಾದಂಥ ಅಪರೂಪದ ಕಾಯಿಲೆಗಳ ಬಗ್ಗೆ ಕೆಲಸ ಮಾಡಲು ಬಹಳ ಇದೆ.

ಕರ್ನಾಟಕಕ್ಕೇ ಸೇರಿದ ಒಂದು ಅಪಸ್ಮಾರವೂ ಇದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಮೈಸೂರು, ಮಂಡ್ಯದ ಕಡೆ ತಲೆಯ ಮೇಲೆ ಬಿಸಿನೀರು ಚೊಂಬಿನಿಂದ ಸುರಿದುಕೊಳ್ಳುವಾಗಲೇ ಕೆಲವರಿಗೆ ಫಿಟ್ಸ್ ಬರುತ್ತದೆ. ಜಗತ್ತಿನ ಬೇರೆ ಕಡೆ ಇದು ವಿರಳ. ಬೆಂಗಳೂರಿನ ಕೆ.ಎಸ್. ಮಣಿ ಅವರು ಇದನ್ನು ಮೊದಲು ಕ್ರಮವಾಗಿ ಅಧ್ಯಯನ ಮಾಡಿದರು, ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಂಥ ಕುಟುಂಬಗಳ ವಂಶವಾಹಿಗಳನ್ನು ಹುಡುಕುತ್ತ ಬಂದಿದ್ದಾರೆ. ಬಹಳ ಮಂದಿಗೆ ನೀರಿನ ಬಿಸಿ ತಗ್ಗಿಸಿದರೇ ಸಾಕಾಗುತ್ತದೆ. ಅದೇ ಮಣಿಯವರು ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಎರಡು ಔಷಧಿಗಳನ್ನು ತಪ್ಪದೆ ತಲುಪಿಸಿದರೆ ಏನಾಗುತ್ತದೆ ಎಂದು ವರ್ಷಗಟ್ಟಲೆ ನೋಡಿದರು. ಅದರ ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಲಿಯೂ ಬೇಕಾಗದ, ಕೋಟಿಗಟ್ಟಲೆ ರೂಪಾಯಿಯ ಯಂತ್ರವೂ ಬೇಕಾಗದ ಆ ಕೆಲಸವನ್ನು ನಾನು ನನ್ನ ಹೋಳುಗಳ ಕೆಲಸಕ್ಕಿಂತ ಮೇಲಿಡುತ್ತೇನೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅಪಸ್ಮಾರ ಇರುವವರಲ್ಲಿ ಶೇ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೇಡಂ, ಸುರಪುರ, ಔರಾದಗಳಲ್ಲಿ ಆ ಮಾತ್ರೆ ಮಧ್ಯದಲ್ಲಿ ನಿಲ್ಲುವುದು ಯಾಕೆ ಎಂಬುದು ಪೂರ್ಣ ಪ್ರಮಾಣದ ಸಂಶೋಧನಾ ಪ್ರಶ್ನೆ.

ಇನ್ನು ದಾರಿಯ ವಿಷಯ. ನೀವು ಬಿ.ಎಸ್ಸಿ. ನಂತರ ಎಂ.ಎಸ್ಸಿ.ಗೆ ಜೀವರಸಾಯನ, ಜೈವಿಕ ತಂತ್ರಜ್ಞಾನ, ಪ್ರಾಣಿಶಾಸ್ತ್ರ, ಜೀವವಿಜ್ಞಾನ ಯಾವುದನ್ನಾದರೂ ಆರಿಸಬಹುದು. ಗುಲಬರ್ಗಾ ವಿಶ್ವವಿದ್ಯಾಲಯವೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ನಿಮ್ಮ ಮನೆಯಿಂದ ಒಂದು ದಿನದ ಹಾದಿಯೊಳಗಿವೆ. ಅನಂತರ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ ಫೆಲೋಶಿಪ್ ಸಿಗುತ್ತದೆ, ಮನೆಯವರ ಮೇಲೆ ಭಾರವಾಗುವುದಿಲ್ಲ. ಪಿಎಚ್‌.ಡಿ.ಗೆ ಐದಾರು ವರ್ಷ, ಅದರ ಮೇಲೆ ಎರಡು ಮೂರು ವರ್ಷ ಬೇರೊಂದು ಪ್ರಯೋಗಾಲಯದಲ್ಲಿ ದುಡಿಮೆ. ಸ್ವಂತ ಪ್ರಶ್ನೆ ಹಿಡಿದು ಕೂರುವ ಹೊತ್ತಿಗೆ ಮೂವತ್ತು ದಾಟಿರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ನಿಮ್ಹಾನ್ಸ್ ಮತ್ತು ದೆಹಲಿಯ ಬಳಿಯ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರಗಳಲ್ಲಿ ನರವಿಜ್ಞಾನದ ಪಿಎಚ್‌.ಡಿ. ಮಾಡಬಹುದು. ರೋಗಿಗಳನ್ನು ನೇರವಾಗಿ ನೋಡಬೇಕೆಂದರೆ ಎಂಬಿಬಿಎಸ್‌ನಿಂದ ನರರೋಗಶಾಸ್ತ್ರದ ಡಿಎಂ ಪದವಿಯವರೆಗೆ ಹೋಗುವ ಇನ್ನೂ ಉದ್ದದ ದಾರಿ ಬೇಕು, ಅದು ಈಗ ನಿಮ್ಮ ಮುಂದಿಲ್ಲ. ಇಇಜಿ ತಂತ್ರಜ್ಞರಾಗುವ ದಾರಿಯೂ ಇದೆ. ಗಿರಗಟ್ಲೆ ಕೊಟ್ಟ ಆ ತಂತ್ರಜ್ಞೆಯಿಂದ ನಾನು ಕಲಿತದ್ದು ಕಡಿಮೆಯಲ್ಲ.

ಕನ್ನಡ ಮಾಧ್ಯಮದ ಅಳುಕಿನ ಬಗ್ಗೆ: ನಾನು ಭಾಲ್ಕಿ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಓದಿದವಳು. ಬೆಂಗಳೂರಿನ ಮೊದಲ ವರ್ಷ ಪ್ರಯೋಗಾಲಯದ ಸಭೆಗಳಲ್ಲಿ ಬಾಯಿ ಬಿಡಲಿಲ್ಲ, ರಾತ್ರಿ ಕೂತು ಒಂದು ಪ್ರಬಂಧಕ್ಕೆ ಮೂರು ದಿನದಂತೆ ಓದಿದೆ. ಆ ಭಾಷೆ ಒಂದೆರಡು ವರ್ಷದಲ್ಲಿ ಕೈಗೆ ಬರುತ್ತದೆ. ಬದಲಾಗಿ ನಮ್ಮ ಬಳಿ ಇರುವ ಒಂದು ಅನುಕೂಲ ಬೇರೆಯವರಿಗೆ ಇಲ್ಲ: ಅಪಸ್ಮಾರದ ರೋಗನಿರ್ಣಯ ಇಂದಿಗೂ ಬಹುಮಟ್ಟಿಗೆ ಕಣ್ಣಾರೆ ಕಂಡವರ ಮಾತಿನ ಮೇಲೆ ನಿಂತಿದೆ, ನಮ್ಮ ಭಾಗದಲ್ಲಿ ಆ ಕಂಡವರು ಮಾತಾಡುವುದು ಕನ್ನಡದಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ, ಗಡಿಯ ಕಡೆ ಮರಾಠಿ ತೆಲುಗಿನಲ್ಲಿ.

ಕಂಡದ್ದನ್ನು ದಾಖಲಿಸುವ ಕೆಲಸವನ್ನು ಎಂ.ಎಸ್ಸಿ.ವರೆಗೆ ಕಾಯದೆ ನೀವು ಈಗಲೇ ಆರಂಭಿಸಬಹುದು. ಒಂದು ನೋಟುಬುಕ್ಕು ಇಡಿ. ತಮ್ಮನಿಗೆ ಪ್ರತಿ ಸಲ ಬಂದ ದಿನಾಂಕ, ಹೊತ್ತು, ಎದ್ದಿದ್ದನೋ ಮಲಗಿದ್ದನೋ, ಮೊದಲು ಏನು ಅಲುಗಿತು, ಕಣ್ಣು ಯಾವ ಕಡೆ ತಿರುಗಿತು, ಎಷ್ಟು ನಿಮಿಷ, ಆಮೇಲೆ ಮಾತು ಬರಲು ಎಷ್ಟು ಹೊತ್ತು ಬೇಕಾಯಿತು ಎಂದು ಬರೆಯಿರಿ. ಆಗುವುದಾದರೆ ಮನೆಯವರೊಬ್ಬರು ಫೋನಿನಲ್ಲಿ ಚಿತ್ರೀಕರಿಸಲಿ, ವೈದ್ಯರಿಗೆ ಅದು ಬಹಳ ಉಪಯೋಗವಾಗುತ್ತದೆ. ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಹತ್ತೊಂಬತ್ತನೇ ಶತಮಾನದಲ್ಲಿ, ಸ್ಕ್ಯಾನ್ ಇರಲಿ ಇಇಜಿಯೂ ಇಲ್ಲದ ಕಾಲದಲ್ಲಿ, ಫಿಟ್ಸ್ ಹೆಬ್ಬೆರಳಿನಿಂದ ಶುರುವಾಗಿ ಕೈ, ತೋಳು, ಮುಖಕ್ಕೆ ಏರುವ ಕ್ರಮವನ್ನಷ್ಟೇ ನೋಡಿ ಮಿದುಳಿನ ಹೊರಪದರದಲ್ಲಿ ದೇಹದ ಭಾಗಗಳು ಸಾಲಾಗಿ ಜೋಡಿಸಲ್ಪಟ್ಟಿರಬೇಕು ಎಂದು ಊಹಿಸಿದ್ದರು. ಬಲಗೈ ಅಲುಗಿದರೆ ಮಿದುಳಿನ ಎಡಬದಿ, ಎಡಗೈ ಅಲುಗಿದರೆ ಬಲಬದಿ. ನಿಮ್ಮ ತಮ್ಮನ ಸ್ಕ್ಯಾನ್‌ನಲ್ಲಿ ಕಂಡ ಉಂಗುರ ಯಾವ ಬದಿಯದು ಎಂದು ವರದಿಯಲ್ಲಿ ಬರೆದಿರುತ್ತದೆ, ನೋಡಿ. ಅವನಿಗೆ ಮೊದಲು ಕೈ ಜಗ್ಗುತ್ತದೆ ಎಂದು ನೀವು ಬರೆದಿದ್ದೀರಿ. ಯಾವ ಕೈ ಎಂದು ಬರೆದಿಲ್ಲ. ನಿಮ್ಮ ತಾಯಿಯವರನ್ನು ಕೇಳಿ ನನಗೆ ತಿಳಿಸಿ.